ಫೀ ಮಾಫಿ

ಮೇ ತಿಂಗಳ ಬಿಸಿಲಲ್ಲಿ ಬಂತು ಪತ್ರ,
ಮರಾಠಿಯಲ್ಲಿ, ಕೆಳಗೆ ನೇರಳೆ ಮೊಹರು.
ಸಂಶೋಧನೆಯ ಶುಲ್ಕ ಪೂರ್ತಿ ಮಾಫ್.
ಬದಲಿಗೆ ವಾರಕ್ಕೆ ಹನ್ನೆರಡು ತಾಸು
ಮೊದಲ ವರ್ಷದವರಿಗೆ ಪ್ರಯೋಗ ಕಲಿಸತಕ್ಕದ್ದು,
ತಾಸಿಗೆ ಇಷ್ಟು ಎಂದು ಮಾನಧನ.

ಕನ್ನಡದಲ್ಲಿ ಓದಿ ಹೇಳಿದೆ.
ಅವ್ವ ಮೊರದಿಂದ ತಲೆ ಎತ್ತಲಿಲ್ಲ.
ಎಲೆ, ತಂಬಾಕು, ಸುರುಳಿ, ದಾರ.
ಎಲೆ, ತಂಬಾಕು.
"ಮಾಫಿ ಅಂದ್ರ ತಪ್ಪು ಮಾಡಿದವರಿಗಲ್ಲೇನ?
ನೀ ಏನ ತಪ್ಪ ಮಾಡೀದಿ?"

ಏನು ಮಾಡಿದ್ದೆ?
ಎಂಎಸ್ಸಿ ಮುಗಿದ ಮೇಲೂ ಓದುತ್ತೇನೆ ಎಂದಿದ್ದೆ,
ಪತ್ರಾಸಿನ ಮಾಡಿನ ಕೆಳಗೆ, ಇಪ್ಪತ್ಮೂರನೆಯ ವಯಸ್ಸಿಗೆ.
ಅದನ್ನೇ ತಪ್ಪು ಎಂದವರು
ಸೋಲಾಪುರದ ನಮ್ಮ ಓಣಿಯಲ್ಲಿ ನಾಲ್ಕೈದು ಮಂದಿ ಇದ್ದರು;
ಅವರಿಗಾರಿಗೂ ಮೊಹರು ಇರಲಿಲ್ಲ.

ಜುಲೈಯಿಂದ ನಾನು ಮ್ಯಾಡಂ.
ಒಂದೇ ಸೀರೆ ಎರಡು ದಿನ, ಸೀಮೆಸುಣ್ಣ ನನ್ನದೇ.
ಬೆಳಿಗ್ಗೆ ನನ್ನ ತೆಳು ಪದರಗಳ ಕುಲುಮೆ,
ಮಧ್ಯಾಹ್ನ ಅರವತ್ತು ಮಕ್ಕಳು, ಹದಿನೈದು ಲೋಲಕ.
ಸೆಪ್ಟೆಂಬರ್ ಬಂದರೂ ಜುಲೈ ತಿಂಗಳ ಹಣ ಬಂದಿರಲಿಲ್ಲ.
ಬಂದಾಗ ಎಣಿಸಿದೆ, ಒಂಬತ್ತು ತಾಸು ಕಡಿಮೆ.
"ಸುಟ್ಟಿ ಇತ್ತಲ್ಲ," ಎಂದ ಗುಮಾಸ್ತ,
"ಮತ್ತೆ ಆ ಮಂಗಳವಾರ ಕರೆಂಟ್ ಇರಲಿಲ್ಲ."

ಮನೆಗೆ ಬಂದು ಸುಮ್ಮನೆ ಕೂತೆ.
ಅವ್ವ ಕೇಳಿ ಕೇಳಿ ಹೇಳಿಸಿದಳು.
ಆಮೇಲೆ ಮೊದಲ ಸಲ ಕತ್ತರಿ ಕೆಳಗಿಟ್ಟಳು.
ಕಾರಖಾನೆಯಲ್ಲಿ ಸಾವಿರ ಬೀಡಿ ಸುರಿದರೆ
ಎಂಬತ್ತು, ನೂರು ಒಡೆದು ಬಿಸಾಡುತ್ತಾರೆ,
ಸಣ್ಣದು, ಸಡಿಲ, ಬಾಯಿ ಸರಿಯಿಲ್ಲ;
ಎಲೆ ಅವಳ ಲೆಕ್ಕಕ್ಕೆ, ಕೂಲಿ ಇಲ್ಲ.
"ಅಯ್ಯ, ನಿಮ್ಮಲ್ಲೂ ಛಾಟ್ ಹಾಕ್ತಾರ?"
ಎಂದಳು ಸೋನವ್ವ, ನನ್ನ ಅವ್ವ,
ಗೆಳತಿಯ ಹಾಗೆ.

ಅಕ್ಟೋಬರಿನಲ್ಲಿ ಲ್ಯಾಬಿನ ದಾರ ಮುಗಿಯಿತು.
ಅರ್ಜಿ ಕೊಟ್ಟರೆ ಮಾರ್ಚಿಗೆ ಬರುತ್ತದೆ.
ಅವ್ವನ ಬುಟ್ಟಿಯಿಂದ ಒಂದು ಗುಲಾಬಿ ಉಂಡೆ ಒಯ್ದೆ.
ಹದಿನೈದು ಹಿತ್ತಾಳೆ ಗುಂಡು
ಬೀಡಿ ದಾರಕ್ಕೆ ಜೋತು ತೂಗಿದವು.
ದುಧನಿಯಿಂದ ಪ್ಯಾಸೆಂಜರ್ ಗಾಡಿಗೆ ಬರುವ ಹುಡುಗಿ,
ಬಿರಾಜದಾರ ತೇಜವ್ವ, ಹಿಂದಿನ ಬೆಂಚು,
ದಾರ ಮುಟ್ಟಿ ನೋಡಿದಳು,
ನನ್ನನ್ನೂ ನೋಡಿದಳು.
ತೇರಾ, ಚೌದಾ, ಎಂದು ಎಣಿಸುತ್ತ ತಪ್ಪುತ್ತಿದ್ದಳು.
"ಕನ್ನಡದಾಗ ಎಣಸು," ಎಂದೆ ಮೆಲ್ಲಗೆ.
ಆಮೇಲೆ ಅವಳು ತಪ್ಪಲಿಲ್ಲ.

ಭಾನುವಾರ ಅವ್ವನಿಗೆ ಕುತೂಹಲ:
ನನ್ನ ದಾರದಿಂದ ಏನ ಮಾಡ್ತೀರಿ ತೋರಿಸು.
ಅಡ್ಡ ತೊಲೆಗೆ ದಾರ ಕಟ್ಟಿ ತುದಿಗೆ ಬಾಗಿಲ ಬೀಗ ತೂಗಿಸಿದೆ.
"ಹೋಗಿ ಬಂದರೆ ಒಂದು ಆಂದೋಲನ. ಎಣಿಸಬೇಕು."
"ಆಂದೋಲನಕ್ಕ ನಾನೂ ಹೋಗೀನಿ,
ಕಲೆಕ್ಟರ್ ಕಚೇರಿ ಮುಂದ, ಉರಿಬಿಸಲಾಗ.
ಹೋಗಿ ಬಂದದ್ದಕ್ಕ ಒಂದಿನದ ಕೂಲಿ ಹೋತು."
ನಕ್ಕಳು. ನಾನು ಮೊಬೈಲಿನಲ್ಲಿ ಗಡಿಯಾರ ಹಿಡಿದೆ.
ಅವಳು ಎಣಿಸತೊಡಗಿದಳು,
ತುಟಿ ಅಲುಗದೆ, ಬೆರಳಿನಲ್ಲಿ,
ಎಂದೂ ಎಣಿಸುವ ಹಾಗೆ.
ಇಪ್ಪತ್ತಕ್ಕೆ ನಿಲ್ಲಿಸು ಎಂದಿದ್ದೆ.
ನಿಲ್ಲಿಸಲಿಲ್ಲ.
"ಇಪ್ಪತ್ತೈದಾಗದ ಕಟ್ಟು ಹೆಂಗ ಕಟ್ಟತಾರ?"

ಸೋಮವಾರ ಫಲಕದ ಮೇಲೆ
ಇಪ್ಪತ್ತನ್ನು ಅಳಿಸಿ ಇಪ್ಪತ್ತೈದು ಬರೆದೆ.
ಅರವತ್ತು ಜರ್ನಲುಗಳಲ್ಲಿ ಇಪ್ಪತ್ತೈದು.
ವಿಭಾಗ ಮುಖ್ಯಸ್ಥರು ಒಂದನ್ನು ತೆರೆದು
ಕನ್ನಡಕದ ಮೇಲಿಂದ ಕೇಳಿದರು, ಇದು ಯಾಕೆ?

ದೋಷ ಕಡಿಮೆಯಾಗುತ್ತದೆ ಸರ್, ಎಂದೆ.
ಅದು ನಿಜವೂ ಹೌದು.